ಮಾವಿನಕುರ್ವೆಯ ಶಾಕವರ್ಗ: ಸಸ್ಯನಾಮಗಳಿಂದ ತಿಳಿಯಬರುವ ಇತಿಹಾಸ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಮಾವಿನಕುರ್ವೆಯೆಂಬ ಹೆಸರಿನ ಸ್ಥಳಗಳು ಎರಡಿವೆ. ಒಂದು, ಹೊನ್ನಾವರದ ಬಳಿ ಶರಾವತಿಯ ಅಳಿವೆಯಲ್ಲಿರುವ ನಡುಗಡ್ಡೆ. ಇನ್ನೊಂದು, ಭಟ್ಕಳದ ಬಂದರನ್ನು ಹೊಂದಿಕೊಂಡಿರುವ ಗ್ರಾಮ. ಕುರುವ, ಕುರ್ವ, ಕುರ್ವೆ ಎಂದರೆ ಹೊಳೆಯ ನೀರು ಬಳಸಿದ ನೆಲ. ತುಳುವಿನ ‘ಕುದುರು’ ಎಂಬುದೂ ಇದೇ ಅರ್ಥದ ಮಾತು. ಕುಮಟೆಯ ಸೀಮೆಯ ಐಗಳಕುರ್ವೆ ಮೊದಲಾದ ಹೆಸರುಗಳಲ್ಲಿಯೂ ಈ ಪದವೇ ಇದೆ. ಊರಿಗೆ ಮರದ ಹೆಸರನ್ನಿಟ್ಟು ಕರೆಯುವುದು ಕನ್ನಡಿಗರ ಹಳೆಯ ರೂಢಿ. ಆ ರೂಢಿಯಿಂದ ಚರಿತ್ರೆಕಾರನಿಗೆ ಒಂದು ಲಾಭವುಂಟು. ಶಿಲಾಶಾಸನವಿಲ್ಲದ ಕಡೆಯಲ್ಲಿಯೂ ಗಿಡಮರಗಳ ಹೆಸರುಗಳು ಶಾಸನದಂತೆ ಉಳಿದು ಬಂದಿರುತ್ತವೆ. ಓದುವ ಬಗೆಯನ್ನು ತಿಳಿದು ಓದಿದರೆ ಅವು ಸಾಕ್ಷ್ಯ ನುಡಿಯುತ್ತವೆ.

ಈ ಓದು ಸುಲಭವಾದುದಲ್ಲ. ಹೆಸರು ಸ್ಥಿರವಾಗಿ ನಿಂತು ವಸ್ತುವು ಬದಲಾಗಿರುವ ನಿದರ್ಶನಗಳು ಶಾಕವರ್ಗದಲ್ಲಿ ಹೇರಳವಾಗಿವೆ. ಹಳೆಯ ಕಾವ್ಯದಲ್ಲಿ ‘ಮೆಣಸು’, ‘ಗೆಣಸು’, ‘ಕುಂಬಳ’, ‘ಗೇರು’ ಎಂಬ ಮಾತುಗಳು ಬಂದಾಗ ಇಂದಿನ ಅಂಗಡಿಯ ಪದಾರ್ಥಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅರ್ಥ ಹೇಳಿಬಿಡುವುದು ಪಾಠಶಾಲೆಗಳಲ್ಲಿ ಅಪರೂಪವಲ್ಲ. ಅದರಿಂದ ಕವಿಯ ಕಾಲಕ್ಕೆ ಹುಟ್ಟಿಯೇ ಇರದ ಊಟವನ್ನು ಅವನ ಎಲೆಗೆ ಬಡಿಸಿದಂತಾಗುತ್ತದೆ. ಶರಾವತಿಯ ಅಳಿವೆಯಿಂದ ಭಟ್ಕಳದವರೆಗಿನ ತೀರವು ಈ ವಿಷಯವನ್ನು ಪರೀಕ್ಷಿಸುವುದಕ್ಕೆ ತಕ್ಕ ಕ್ಷೇತ್ರವಾಗಿದೆ. ಹೊರದೇಶದ ಬೀಜಗಳು ಕನ್ನಡ ನಾಡನ್ನು ಹೊಕ್ಕ ಬಾಗಿಲುಗಳಲ್ಲಿ ಈ ಬಂದರುಗಳೂ ಸೇರಿದುವು.

೧. ನೆಲ ಮತ್ತು ನೀರು

ಕುರ್ವೆಯ ಸಾಗುವಳಿಯು ಸಣ್ಣ ಹಿಡುವಳಿಯ ಸಾಗುವಳಿ. ಹೊಳೆಯು ತಂದು ಹಾಕಿದ ಮಣ್ಣಿಗೆ ಮರಳು ಬೆರೆತ ನೆಲ. ಅಂಚಿನಲ್ಲಿ ತೆಂಗು, ತಗ್ಗಿನಲ್ಲಿ ಬತ್ತದ ಗದ್ದೆ, ಮನೆಯ ಬೆನ್ನಿಗೆ ಹಿತ್ತಲು. ಕರಾವಳಿಯ ಈ ಭಾಗದಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅದರ ಬಹುಭಾಗವು ಜೇಷ್ಠದಿಂದ ಭಾದ್ರಪದದವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುವುದರಿಂದ ಕಾಯಿಪಲ್ಯದ ಬೆಳೆಯು ತಾನಾಗಿಯೇ ಎರಡು ಪಾಲಾಗಿದೆ. ಮಳೆಗಾಲದಲ್ಲಿ ಚಪ್ಪರಕ್ಕೇರುವ ಹೀರೆ, ಪಡುವಲ, ಹಾಗಲ, ಮುಳ್ಳುಸೌತೆಗಳೂ ಜೌಗಿನಲ್ಲಿ ಬೆಳೆಯುವ ಕೆಸುವೂ ಹಿತ್ತಲನ್ನು ತುಂಬುತ್ತವೆ. ಬತ್ತದ ಕೊಯ್ಲಾದ ಮೇಲೆ ಗದ್ದೆಯ ತೇವವನ್ನೂ ಕಿರುಬಾವಿಯ ನೀರನ್ನೂ ನೆಮ್ಮಿ ಹರಿವೆ, ಬಸಳೆ, ಬದನೆ, ಮೊಗೆ, ಕುಂಬಳ, ಗೆಣಸು, ಅಲಸಂದೆಗಳನ್ನು ಬೆಳೆಯುತ್ತಾರೆ. ಸುವರ್ಣಗಡ್ಡೆಯು ಮಳೆಗೆ ಮುಂಚೆ ನೆಲಕ್ಕೆ ಬಿದ್ದು ಮಳೆ ಕಳೆದ ಮೇಲೆ ಅಗೆತಕ್ಕೆ ಬರುತ್ತದೆ. ಕುಮಟೆ, ಅಂಕೋಲೆ, ಗೋಕರ್ಣಗಳ ಪೇಟೆಗಳಿಗೆ ಇಂಥ ಕಾಯಿಪಲ್ಯವನ್ನು ಬುಟ್ಟಿಯಲ್ಲಿ ಹೊತ್ತು ತರುವ ಹಾಲಕ್ಕಿ ಒಕ್ಕಲಿಗರ ಹೆಂಗಸರು ಈ ಕೃಷಿಯ ಮುಖ್ಯ ಆಧಾರಸ್ತಂಭವಾಗಿ ಬಂದಿದ್ದಾರೆ.

೧೮೦೧ರ ಮೊದಲ ತಿಂಗಳುಗಳಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಹೊನ್ನಾವರದ ಅಳಿವೆಯನ್ನು ವರ್ಣಿಸಿದ್ದಾನೆ. ಜನರು ಅದನ್ನು ಹೊಳೆಯೆಂದು ಕರೆದರೂ ಅದು ವಿಸ್ತಾರವಾದ ಸರೋವರದಂತಿದೆಯೆಂದೂ, ಅದರೊಳಗೆ ಅನೇಕ ದ್ವೀಪಗಳಿದ್ದು ಕೆಲವು ಸಾಗುವಳಿಯಾಗಿವೆಯೆಂದೂ, ಬೇಸಗೆಯಲ್ಲಿ ನೀರು ಪೂರ್ಣವಾಗಿ ಉಪ್ಪಾಗಿಯೂ ಮಳೆಗಾಲದಲ್ಲಿ ಸಿಹಿಯಾಗಿಯೂ ಇರುವುದೆಂದೂ ಅವನ ಹೇಳಿಕೆ. ಈ ಕೊನೆಯ ಮಾತು ಈಗ ಹಾಗೆಯೇ ಒಪ್ಪತಕ್ಕುದಾಗಿ ಉಳಿದಿಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ವಿದ್ಯುದಾಗಾರಗಳಿಂದ ಬಿಡುವ ನೀರು ವರ್ಷವಿಡೀ ಹರಿಯತೊಡಗಿದ ಮೇಲೆ ಶರಾವತಿಯ ಅಳಿವೆಯ ಉಪ್ಪು ಬಹುಮಟ್ಟಿಗೆ ಕುಗ್ಗಿದೆ. ಉಪ್ಪುನೀರಿನ ಚಿಪ್ಪುಜೀವಿಗಳು ಅಲ್ಲಿ ವಿರಳವಾದುವೆಂಬುದನ್ನು ಶಾಸ್ತ್ರಜ್ಞರು ಗುರುತಿಸಿದ್ದಾರೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ, ಕುಮಟೆಯ ಮಾಣಿಕಟ್ಟೆಯ ಗಜನಿಗಳಲ್ಲಿ, ಉಪ್ಪನ್ನು ತಡೆದು ಬೆಳೆಯುವ ‘ಕಗ್ಗ’ ಬತ್ತವು ಇನ್ನೂ ಉಳಿದಿರುವುದನ್ನು ಇದರೊಡನೆ ಹೋಲಿಸಿ ನೋಡಬಹುದು. ಬುಕಾನನ್ನನ ಕಾಲದ ಕುರ್ವೆಯ ರೈತನು ಬೇಸಗೆಯಲ್ಲಿ ಸುತ್ತಲೂ ನೀರಿದ್ದೂ ಹಿತ್ತಲಿಗೆ ಒಂದು ಕೊಡ ಸಿಹಿನೀರನ್ನು ಬಾವಿಯಿಂದಲೇ ಎತ್ತಬೇಕಾಗಿದ್ದಿತು. ಹೊಸ ಗಿಡವೊಂದು ಇಲ್ಲಿ ನಿಲ್ಲಬೇಕಾದರೆ ನಾಲ್ಕು ತಿಂಗಳ ಮಳೆಯನ್ನೂ ನಾಲ್ಕು ತಿಂಗಳ ಉಪ್ಪುಗಾಳಿಯನ್ನೂ ಸಹಿಸಬೇಕಾಗಿದ್ದಿತೆಂಬುದನ್ನು ನೆನಪಿನಲ್ಲಿಡುವುದು ಮುಂದಿನ ವಿಚಾರಕ್ಕೆ ಅವಶ್ಯಕ.

೨. ಕಡಲಾಚೆಯ ಬೀಜ ಬರುವುದಕ್ಕೆ ಮುಂಚೆ

ಕನ್ನಡದಲ್ಲಿ ಅಡುಗೆಯನ್ನೂ ತೋಟಗಾರಿಕೆಯನ್ನೂ ಒಂದೇ ಗ್ರಂಥದಲ್ಲಿ ನಿರೂಪಿಸಿದ ಹಳೆಯ ಕೃತಿಯು ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ರಚಿತವಾದ ಈ ಗ್ರಂಥದಲ್ಲಿ ವೃಕ್ಷಾಯುರ್ವೇದ, ಸೂಪಶಾಸ್ತ್ರಗಳು ಸೇರಿವೆ. ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪ್ರತ್ಯೇಕ ಕೃತಿಯನ್ನೇ ಷಟ್ಪದಿಯಲ್ಲಿ ಬರೆದನು. ಬದನೆ, ಬಾಳೆ, ಹಲಸು, ಸೋರೆ ಮೊದಲಾದುವುಗಳ ಪಾಕಗಳು ಅದರಲ್ಲಿ ವಿಸ್ತಾರವಾಗಿ ಬಂದಿವೆ. ಮೆಣಸಿನಕಾಯಿ, ಬಟಾಟೆ, ಟೊಮೇಟೊಗಳಿಗೆ ಅದರಲ್ಲಿ ಎಡೆಯಿಲ್ಲ. ಖಾರಕ್ಕೆ ಬಳಕೆಯಾದುದು ಬಳ್ಳಿಯ ಮೆಣಸು, ಶುಂಠಿಗಳು. ಆ ಗ್ರಂಥವು ಹುಟ್ಟಿದ ತಲೆಮಾರಿನಲ್ಲಿಯೇ ಪೋರ್ತುಗೀಜರ ಹಡಗುಗಳು ಭಟ್ಕಳದ ಮುಂದೆ ನಿಂತಿದ್ದುವು. ಹೊರಗಿನ ಬೀಜಗಳು ಬೇರೂರುವುದಕ್ಕೆ ತುಸು ಮುಂಚಿನ ಕನ್ನಡ ಪಾಕಶಾಲೆಯ ಚಿತ್ರವನ್ನು ಮಂಗರಸನು ಹೀಗೆ ಉಳಿಸಿದ್ದಾನೆ.

ಹೊನ್ನಾವರದ ಊಟವನ್ನು ಕಣ್ಣಾರೆ ಕಂಡು ಬರೆದವನೊಬ್ಬನೂ ಇದ್ದಾನೆ. ೧೩೪೦ರ ದಶಕದಲ್ಲಿ ಇಲ್ಲಿಗೆ ಬಂದ ಮಗ್ರಿಬಿನ ಯಾತ್ರಿಕ ಇಬ್ನ್ ಬತೂತನು ಹೊನ್ನಾವರದ ಸುಲ್ತಾನನಾದ ಜಮಾಲುದ್ದೀನನ ಪಂಕ್ತಿಯನ್ನು ವರ್ಣಿಸಿದ್ದಾನೆ. ಮೊದಲು ಅನ್ನ ಮತ್ತು ತುಪ್ಪ. ಅದರೊಡನೆ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ. ತರುವಾಯ ಕೋಳಿ, ಮೀನು. ಅನಂತರ ತುಪ್ಪದಲ್ಲಿ ಬೇಯಿಸಿದ ಕಾಯಿಪಲ್ಯಗಳು. ಕೊನೆಗೆ ಮಜ್ಜಿಗೆಯ ಬಗೆಯ ಪಾನ. ಈ ಭಾಗವನ್ನು ಇಂಗ್ಲಿಷು ಅನುವಾದದಲ್ಲಿ ಓದುವವರು ‘ಮೆಣಸಿನ ಉಪ್ಪಿನಕಾಯಿ’ಯೆಂದರೆ ಹಸಿಮೆಣಸಿನಕಾಯಿಯ ಉಪ್ಪಿನಕಾಯಿಯೆಂದು ಬಗೆಯುವುದುಂಟು. ೧೪ನೆಯ ಶತಮಾನದಲ್ಲಿ ಅದು ಸಾಧ್ಯವಿಲ್ಲ. ಮೆಣಸಿನಕಾಯಿಯ ಗಿಡವು ಆಗ ಅಮೆರಿಕಾ ಖಂಡವನ್ನು ಬಿಟ್ಟು ಹೊರಟಿರಲಿಲ್ಲ. ಜಮಾಲುದ್ದೀನನ ಎಲೆಯಲ್ಲಿದ್ದುದು ಬಳ್ಳಿಯಿಂದ ಎಳೆಯದಾಗಿಯೇ ಕಿತ್ತ ಮೆಣಸಿನ ಕದಿರು. ಘಟ್ಟದ ಕೆಳಗೂ ಮೇಲೂ ಈಗಲೂ ಉಪ್ಪಿನಲ್ಲಿ ಹಾಕಿಡುವ ಪದಾರ್ಥವೇ ಅದು. ಮಾತಿನ ಅರ್ಥವನ್ನು ಕಾಲದೊಡನೆ ತೂಗಿ ನೋಡದಿದ್ದರೆ ಒಂದು ಸಾಲಿನ ಓದಿನಲ್ಲಿ ಎರಡು ಶತಮಾನದ ತಪ್ಪು ನುಸುಳುತ್ತದೆ.

೩. ಗೇರುಸೊಪ್ಪೆಯ ಗೇರು

ಮಾವಿನಕುರ್ವೆಯಿಂದ ಹೊಳೆಯ ಮೇಲ್ಮುಖವಾಗಿ ಹೋದರೆ ಗೇರುಸೊಪ್ಪೆ. ನಗಿರೆಯ ಅರಸರ ಈ ರಾಜಧಾನಿಯಲ್ಲಿ ೧೫೫೨ರಿಂದ ೧೬೦೬ರವರೆಗೆ ಚೆನ್ನಭೈರಾದೇವಿಯು ಆಳಿದಳು. ಮೆಣಸಿನ ವ್ಯಾಪಾರದ ಮೇಲಿನ ಅವಳ ಒಡೆತನವನ್ನು ಕಂಡು ಪೋರ್ತುಗೀಜರು ಅವಳನ್ನು ‘ಮೆಣಸಿನ ರಾಣಿ’ಯೆಂದು ಕರೆದರು. ಕೆಳದಿಯ ವೆಂಕಟಪ್ಪ ನಾಯಕನ ಕೈಗೆ ಸೇರಿದ ಬಳಿಕ ಈ ನಗರವು ಹಾಳಾಯಿತು. ೧೬೨೩ರಲ್ಲಿ ಹೊಳೆಯ ದಾರಿಯಾಗಿ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಲ್ಲೆಯು ಹೊಳೆಯ ಚೆಲುವನ್ನು ಕೊಂಡಾಡಿ, ಪಟ್ಟಣದ ಹಾಳನ್ನೂ ವರ್ಣಿಸಿದ್ದಾನೆ.

ಊರಿನ ಹೆಸರಿನಲ್ಲಿರುವ ‘ಗೇರು’ ಯಾವುದು? ಇಂದು ಕರಾವಳಿಯಲ್ಲಿ ಗೇರು ಎಂದೊಡನೆ ತೋರುವುದು ಗೋಡಂಬಿಯ ಮರ. ಆ ಮರವು ಬ್ರಜಿಲಿನದು. ೧೬ನೆಯ ಶತಮಾನದಲ್ಲಿ ಪೋರ್ತುಗೀಜರು ತಂದುದು. ಗೇರುಸೊಪ್ಪೆಯಾದರೋ ಅದಕ್ಕಿಂತ ಮೊದಲೇ ಅದೇ ಹೆಸರಿನಿಂದ ಪ್ರಸಿದ್ಧವಾಗಿದ್ದ ಪಟ್ಟಣ. ಸಂಸ್ಕೃತದಲ್ಲಿ ಈ ಊರಿಗೆ ಭಲ್ಲಾತಕೀಪುರವೆಂಬ ಹೆಸರಿರುವುದು ಸಂಶಯವನ್ನು ಪೂರ್ಣವಾಗಿ ಪರಿಹರಿಸುತ್ತದೆ. ಭಲ್ಲಾತಕವೆಂದರೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ, ಔಷಧಕ್ಕೂ ಉಪಯುಕ್ತವಾದ, ನಾಡಿನ ಮೂಲದ ಗೇರು. ಊರಿನ ಹೆಸರನ್ನು ಸಂಸ್ಕೃತಕ್ಕೆ ತಿರುಗಿಸಿದವರಿಗೆ ಗೇರು ಎಂದರೆ ಯಾವ ಮರವೆಂಬುದು ಸ್ಪಷ್ಟವಾಗಿ ತಿಳಿದಿದ್ದಿತು.

ಹೊಸದಾಗಿ ಬಂದ ಮರಕ್ಕೆ ಈ ಹೆಸರು ಅಂಟಿದುದಕ್ಕೆ ಕಾರಣವೂ ಕಾಣುತ್ತದೆ. ಎರಡೂ ಒಂದೇ ಕುಲದ ಸಸ್ಯಗಳು. ಎರಡರಲ್ಲಿಯೂ ತಿರುಳುಳ್ಳ ತೊಟ್ಟಿನ ತುದಿಗೆ ಬೀಜವು ಹೊರಗೆ ಜೋತುಬೀಳುತ್ತದೆ. ಎರಡರ ಸಿಪ್ಪೆಯಲ್ಲಿಯೂ ಮೈ ಸುಡುವ ಎಣ್ಣೆಯಿದೆ. ಕಂಡವರು ಪರಿಚಿತವಾದುದರ ಹೆಸರನ್ನು ಅಪರಿಚಿತಕ್ಕೆ ಇಟ್ಟರು. ಕಾಲಕ್ರಮದಲ್ಲಿ ಹೊಸಬನು ಹೆಸರನ್ನು ತನ್ನದಾಗಿಸಿಕೊಂಡನು; ಹಳಬನಿಗೆ ‘ಕರಿಗೇರು’ ಎಂಬ ವಿಶೇಷಣವು ಬೇಕಾಯಿತು. ಹೆಸರಿನ ಈ ಸ್ಥಾನಾಂತರವು ಮುಂದಿನ ನಿದರ್ಶನಗಳಲ್ಲಿ ಮತ್ತೆ ಮತ್ತೆ ಕಾಣುವ ನಿಯಮವಾಗಿದೆ.

೪. ಮೆಣಸು, ಗೆಣಸು, ಕುಂಬಳ

ಮೆಣಸಿನ ರಾಣಿಯ ನಾಡಿನಲ್ಲಿಯೇ ‘ಮೆಣಸು’ ಎಂಬ ಮಾತು ಬೇರೊಂದು ವಸ್ತುವಿನ ವಶವಾದುದು ಇತಿಹಾಸದ ವಿನೋದಗಳಲ್ಲೊಂದು. ಕನ್ನಡದ ಮೆಣಸು, ತಮಿಳಿನ ಮಿಳಗು, ಮಲಯಾಳದ ಮುಳಗು ಇವು ಸಜಾತೀಯ ಪದಗಳು. ಇವೆಲ್ಲ ಮೂಲತಃ ಬಳ್ಳಿಯ ಮೆಣಸನ್ನೇ ಸೂಚಿಸುತ್ತಿದ್ದುವು. ಅಮೆರಿಕಾದಿಂದ ಬಂದ ಖಾರದ ಕಾಯಿಗೆ ಕನ್ನಡಿಗರು ‘ಮೆಣಸಿನಕಾಯಿ’ಯೆಂದರು, ತಮಿಳರು ‘ಮಿಳಗಾಯ್’ ಎಂದರು. ಕರಾವಳಿಯ ಆಡುಮಾತಿನಲ್ಲಿ ‘ಕಾಯಿ’ಯೂ ಬಿದ್ದುಹೋಗಿ ಬರಿಯ ‘ಮೆಣಸು’ ಎಂದರೆ ಮೆಣಸಿನಕಾಯಿಯೇ ಎಂಬಂತಾಯಿತು. ಆಗ ಹಳೆಯ ಮೆಣಸಿಗೆ ಕಾಳುಮೆಣಸು, ಕರಿಮೆಣಸು, ತೆಂಕಣ ಕರಾವಳಿಯಲ್ಲಿ ‘ಒಳ್ಳೆಮೆಣಸು’ ಎಂಬ ಹೆಸರುಗಳು ಹುಟ್ಟಿದುವು. ಮಲಯಾಳದ ‘ನಲ್ಲಮುಳಗು’, ತುಳುವಿನ ‘ಎಡ್ಡೆ ಮುಂಚಿ’ ಎಂಬುವೂ ಇದೇ ಅರ್ಥದ ಮಾತುಗಳು. ಮೂರು ಭಾಷೆಗಳ ಜನರು ಹಳೆಯ ಪದಾರ್ಥವನ್ನು ‘ಒಳ್ಳೆಯದು’ ಎಂದು ಕರೆದು ಹೊಸತರಿಂದ ಬೇರ್ಪಡಿಸಿದುದು ಗಮನಾರ್ಹವಾಗಿದೆ. ಅರಬರನ್ನೂ ಪೋರ್ತುಗೀಜರನ್ನೂ ಈ ತೀರಕ್ಕೆ ಎಳೆದುತಂದ ವಸ್ತುವಿನ ಬಗೆಗೆ ನಾಡಿಗರಿಗಿದ್ದ ಆದರವು ಆ ಒಂದು ವಿಶೇಷಣದಲ್ಲಿ ಅಡಗಿದೆ. ಪೋರ್ತುಗೀಜರ ನುಡಿಯಲ್ಲಿಯೂ ‘ಪಿಮೆಂತ’ ಎಂಬ ಮೆಣಸಿನ ಹೆಸರು ಖಾರದ ಕಾಯಿಗೂ ಸಂದಿತು.

‘ಗೆಣಸು’ ಎಂಬುದರ ಕಥೆ ಇನ್ನೂ ತೊಡಕಿನದು. ತಮಿಳಿನ ‘ಕಿೞಂಗು’ ಎಂಬುದಕ್ಕೆ ಸಮಾನವಾದ ಈ ಪದಕ್ಕೆ ನೆಲದೊಳಗೆ ಬೆಳೆಯುವ ತಿನ್ನುವ ಗಡ್ಡೆಯೆಂಬುದು ಹಳೆಯ ಅರ್ಥ. ಕಾಡಿನ ಹಂಬುಗಳ ಗಡ್ಡೆಗಳನ್ನೂ ಹಿತ್ತಲಲ್ಲಿ ಮರಕ್ಕೆ ಹಬ್ಬಿಸುವ ಹೆಗ್ಗೆಣಸನ್ನೂ ಇದು ಒಳಗೊಂಡಿದ್ದಿತು. ಅಮೆರಿಕಾದ ಸಿಹಿಯಾದ ಗಡ್ಡೆಯು ಬಂದು ಗೆಣಸಿನ ಹೆಸರನ್ನು ತನ್ನದನ್ನಾಗಿ ಮಾಡಿಕೊಂಡಿತು. ಅದೇ ಖಂಡದಿಂದ ಬಂದ ಮತ್ತೊಂದು ಗಡ್ಡೆ ‘ಮರಗೆಣಸು’ ಆಯಿತು. ಕರಿಬೀ ದ್ವೀಪಗಳ ಜನರು ಸಿಹಿಗೆಣಸಿಗೇ ‘ಬಟಾಟ’ ಎನ್ನುತ್ತಿದ್ದರು. ಆ ಮಾತು ಪೋರ್ತುಗೀಜರ ಬಾಯಲ್ಲಿ ಕೊಂಕಣಿ, ಮರಾಠಿ, ಕರಾವಳಿಯ ಕನ್ನಡಗಳಿಗೆ ಬಂದು ನಿಂತಾಗ ಅದರ ಅರ್ಥವು ಆಲೂಗಡ್ಡೆಯಾಗಿ ಮಾರ್ಪಟ್ಟಿತು. ಹೀಗೆ ನಾಡಿನ ಗಡ್ಡೆಯ ಹೆಸರು ಹೊರಗಿನ ಗಡ್ಡೆಗೂ, ಆ ಹೊರಗಿನ ಗಡ್ಡೆಯ ಹೆಸರು ಮತ್ತೊಂದಕ್ಕೂ ಸರಿದುವು. ಹಳೆಯ ಕಾವ್ಯಗಳಲ್ಲಿ ಋಷಿಗಳೂ ಬೇಡರೂ ತಿಂದ ಗೆಣಸನ್ನು ಸಂತೆಯ ಸಿಹಿಗೆಣಸೆಂದು ವಿವರಿಸುವುದು ಆದುದರಿಂದ ಸಲ್ಲದು.

ಕುಂಬಳದಲ್ಲಿಯೂ ಹೀಗೆಯೇ. ಸಂಸ್ಕೃತದಲ್ಲಿ ಕೂಷ್ಮಾಂಡವೆನಿಸಿದ, ಮೈಮೇಲೆ ಬೂದಿ ಬಳಿದಂತಿರುವ ಕಾಯಿಯೇ ಹಳೆಯ ಕುಂಬಳ. ಹೊಂಬಣ್ಣದ ತಿರುಳಿನ ಸಿಹಿಗುಂಬಳವು ಅಮೆರಿಕಾದ್ದು. ಅದು ಬಂದ ಮೇಲೆ ಹಳೆಯದಕ್ಕೆ ‘ಬೂದಿ’ಯನ್ನೂ ಹೊಸದಕ್ಕೆ ‘ಸಿಹಿ’ಯನ್ನೂ ಸೇರಿಸಿ ಹೇಳಬೇಕಾಯಿತು. ತೆಂಕಣ ಕರಾವಳಿಯಲ್ಲಿ ಹೊಸದನ್ನು ‘ಚೀನಿಕಾಯಿ’ ಎನ್ನುವರು. ಅದು ಚೀನದ್ದಲ್ಲ, ಹಡಗಿನಲ್ಲಿ ಬಂದುದೆಲ್ಲವೂ ಯಾವುದೋ ಒಂದು ದೂರದ ಹೆಸರಾಂತ ದೇಶದಿಂದ ಬಂದಿರಬೇಕೆಂಬ ಜನದ ಎಣಿಕೆಯು ಆ ಹೆಸರಿನಲ್ಲಿ ಕಾಣುತ್ತದೆ.

೫. ಹೋಗಿ ಬಂದ ಪದ, ಬಂದು ನಿಂತ ಪದ

ಬಂದರಿನಲ್ಲಿ ಸರಕು ಒಂದೇ ದಿಕ್ಕಿಗೆ ಸಾಗುವುದಿಲ್ಲ. ಬದನೆಯು ಭಾರತದ ಹಳೆಯ ಕಾಯಿ. ಕನ್ನಡದ ಬದನೆ, ತಮಿಳಿನ ವೞುದುಣೈ, ಮಲಯಾಳದ ವೞುದನ ಎಂಬ ಸಜಾತೀಯ ರೂಪಗಳಿಗೂ ಸಂಸ್ಕೃತದ ವಾತಿಂಗಣಕ್ಕೂ ಸಂಬಂಧವಿದೆಯೆಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಭಾರತದಿಂದ ಹೊರಟ ಹೆಸರು ಪಾರಸಿಯಲ್ಲಿ ಬಾದಿಂಗಾನ್, ಅರಬಿಯಲ್ಲಿ ಅಲ್-ಬಾದಿಂಜಾನ್ ಆಗಿ, ಐಬೀರಿಯವನ್ನು ಸೇರಿ ಪೋರ್ತುಗೀಜಿನಲ್ಲಿ ಬೆರಿಂಜೆಲ ಎಂದಾಯಿತು. ಆ ರೂಪವೇ ಪೋರ್ತುಗೀಜರ ಹಡಗಿನಲ್ಲಿ ತಿರುಗಿ ಬಂದು ಭಾರತದ ಇಂಗ್ಲಿಷಿನಲ್ಲಿ ‘ಬ್ರಿಂಜಾಲ್’ ಆಗಿ ಉಳಿಯಿತು. ಕನ್ನಡ ರೈತನಿಗೆ ಆ ರೂಪದ ಅಗತ್ಯವಿರಲಿಲ್ಲ. ಅವನ ಮನೆಯಲ್ಲಿ ಹೆಸರೂ ಇದ್ದಿತು, ಕಾಯಿಯೂ ಇದ್ದಿತು.

ಬದನೆಯ ಸ್ಥಳೀಯ ತಳಿಗಳಿಗೂ ಚರಿತ್ರೆಯಿದೆ. ಉಡುಪಿಯ ಬಳಿಯ ಮಟ್ಟುವಿನ ‘ಗುಳ್ಳ’ವನ್ನು ಸೋದೆ ಮಠದ ವಾದಿರಾಜ ಯತಿಗಳ ಅನುಗ್ರಹವೆಂದು ಸಂಪ್ರದಾಯವು ಹೇಳುತ್ತದೆ. ೧೬ನೆಯ ಶತಮಾನದ ಆ ಯತಿಗಳ ಹೆಸರಿನೊಡನೆ ಒಂದು ಕಾಯಿಯು ಸೇರಿಕೊಂಡು ಬಂದಿರುವುದು, ಐತಿಹ್ಯವೆಂದು ಎಣಿಸಿದರೂ, ಒಂದು ಊರಿನ ಮಣ್ಣಿಗೂ ಒಂದು ತಳಿಗೂ ಇರುವ ನಂಟನ್ನು ಜನರು ಗುರುತಿಸಿದುದಕ್ಕೆ ಆಧಾರವಾಗಿದೆ. ೨೦೧೧ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಲಿಕ ಸೂಚಕದ ಮನ್ನಣೆಯೂ ದೊರೆಯಿತು. ಕುಮಟೆಯ ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣಗಳ ಸಿಹಿ ಈರುಳ್ಳಿಯೂ ಇದೇ ಬಗೆಯದು. ಜಡೆಯಂತೆ ಹೆಣೆದು ಹೆದ್ದಾರಿಯ ಬದಿಯಲ್ಲಿ ತೂಗುಹಾಕಿದ ಅದರ ಗೊಂಚಲುಗಳನ್ನು ದಾರಿಗರು ಕಾಣುತ್ತಾರೆ.

ಹೊರಗಿನ ಗಿಡಗಳಲ್ಲಿ ನಾಡಿನ ನೆಂಟನು ದೊರೆಯದಿದ್ದವು ತಮ್ಮ ಹೆಸರನ್ನು ಉಳಿಸಿಕೊಂಡುವು. ಅನಾನಸು, ಪಪ್ಪಾಯಿ, ಕೋಬಿ ಎಂಬ ಮಾತುಗಳು ಪೋರ್ತುಗೀಜರ ನುಡಿಯ ನೆನಪನ್ನು ಹೊತ್ತಿವೆ. ಕೆಲವಕ್ಕೆ ಅವು ಬಂದ ದಿಕ್ಕೇ ಗುರುತಾಯಿತು. ಒಳನಾಡಿನಲ್ಲಿ ಪಪ್ಪಾಯಿಯು ‘ಪರಂಗಿ’ಯಾಯಿತು; ಫಿರಂಗಿಗಳು, ಎಂದರೆ ಯುರೋಪಿನವರು, ತಂದ ಹಣ್ಣೆಂಬುದು ಅದರ ಅರ್ಥ. ೧೯ನೆಯ ಶತಮಾನದಲ್ಲಿ ಬೆಂಗಳೂರಿನ ಲಾಲ್‌ಬಾಗು ಹೊರದೇಶದ ಕಾಯಿಪಲ್ಯಗಳ ಪರೀಕ್ಷಾಕ್ಷೇತ್ರವಾಯಿತು. ೧೮೭೪ರಿಂದ ೧೯೦೮ರವರೆಗೆ ಅದರ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರನ್ನನ ಕಾಲದಲ್ಲಿ ಪ್ರಚಾರಕ್ಕೆ ಬಂದ ಅಮೆರಿಕಾದ ಬಳ್ಳಿಯೊಂದು ‘ಸೀಮೆಬದನೆ’ಯಾಯಿತು. ಅದು ಬದನೆಯ ಕುಲದ್ದಲ್ಲ, ಸೌತೆಯ ಕುಲದ್ದು. ಆದರೂ ಕಾಯಿಯ ಆಕಾರವನ್ನು ಕಂಡು ಜನರು ಹಾಗೆ ಕರೆದರು. ಟೊಮೇಟೊವಿಗೂ ಕೆಲವೆಡೆ ‘ಚಪ್ಪರಬದನೆ’ಯೆಂಬ ಹೆಸರಿದ್ದಿತು, ಅಲ್ಲಿ ಕುಲವೂ ಕೂಡಿಬಂದುದು ಆಕಸ್ಮಿಕ.

ಭಟ್ಕಳದ ಸಮೀಪದ ಹಾಡುವಳ್ಳಿಯ ಭಟ್ಟಾಕಳಂಕದೇವನು ೧೬೦೪ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದನು. ತತ್ಸಮ, ತದ್ಭವ, ದೇಶ್ಯವೆಂಬ ವಿಭಾಗವು ಕನ್ನಡ ವೈಯಾಕರಣರಿಗೆ ಪರಿಚಿತವಾದುದೇ. ಆ ಮಹಾವಿದ್ವಾಂಸನು ಸೂತ್ರಗಳನ್ನು ರಚಿಸುತ್ತಿದ್ದ ಹೊತ್ತಿಗೆ ಅವನ ಊರಿನ ಬಂದರಿಗೆ ಪೋರ್ತುಗೀಜರು ಬರತೊಡಗಿ ನೂರು ವರ್ಷ ಕಳೆದಿದ್ದುವು. ೧೫೬೯ರಲ್ಲಿ ಹೊನ್ನಾವರದ ಕೋಟೆಯೂ ಅವರ ವಶವಾಗಿದ್ದಿತು. ವ್ಯಾಕರಣದ ಹೊರಗೆ ಹಿತ್ತಲಿನಲ್ಲಿ ಜನರು ತಮ್ಮದೇ ವಿಭಾಗವನ್ನು ಮಾಡಿಕೊಳ್ಳುತ್ತಿದ್ದರು. ಹಳೆಯ ಹೆಸರಿನ ಹಳ್ಳಿಯ ಕಾಯಿಗಳು, ಹಳೆಯ ಹೆಸರನ್ನು ಪಡೆದ ಹೊಸ ಕಾಯಿಗಳು, ಹೊಸ ಹೆಸರಿನೊಡನೆಯೇ ಬಂದ ಕಾಯಿಗಳು, ‘ಸೀಮೆ’, ‘ಪರಂಗಿ’ ಎಂಬ ಗುರುತಿನ ಕಾಯಿಗಳು ಎಂಬ ನಾಲ್ಕು ವರ್ಗಗಳನ್ನು ಅಲ್ಲಿ ಸ್ಪಷ್ಟವಾಗಿ ಕಾಣಬಹುದು.

೬. ಬಾರದೆ ಉಳಿದ ಆರ್ಟಿಚೋಕು

ಬಂದುವುಗಳ ಅರ್ಥವು ಬಾರದೆ ಹೋದವುಗಳಿಂದ ಇನ್ನಷ್ಟು ತಿಳಿಯಾಗುತ್ತದೆ. ಮೆಡಿಟರೇನಿಯನ್ ತೀರದ ಜನರು ಬಹುವಾಗಿ ಮೆಚ್ಚುವ ಆರ್ಟಿಚೋಕು ಮುಳ್ಳುಗಿಡದ ಜಾತಿಯದು. ಅರಳುವುದಕ್ಕೆ ಮೊದಲೇ ಅದರ ದಪ್ಪನೆಯ ಮೊಗ್ಗನ್ನು ಕೊಯ್ದು ಬೇಯಿಸಿ, ಒಂದರ ಮೇಲೊಂದು ಕವಿದಿರುವ ದಳಗಳ ಬುಡದ ತಿರುಳನ್ನೂ ನಡುವಿನ ಹೃದಯಭಾಗವನ್ನೂ ತಿನ್ನುತ್ತಾರೆ. ಹಸಿರು ಮೊಗ್ಗಿನ ‘ಗ್ರೀನ್ ಗ್ಲೋಬ್’, ರೋಮಿನ ಸೀಮೆಯ ‘ರೊಮಾನೆಸ್ಕೊ’, ನೇರಿಳೆ ಛಾಯೆಯ ‘ವಯೊಲೆಟ್ ದ ಪ್ರೊವಾಂಸ್’ ಮೊದಲಾದ ತಳಿಗಳಿವೆ. ಅರಬರು ಇದನ್ನು ಅಲ್-ಖರ್ಶೂಫ್ ಎಂದರು. ಪೋರ್ತುಗೀಜರು ಆ ಮಾತನ್ನೇ ಅಲ್ಕಶೋಫ್ರ ಎಂದು ತೆಗೆದುಕೊಂಡರು. ಇಟಲಿಯ ರೂಪದ ಮೂಲಕ ಇಂಗ್ಲಿಷಿನ ಹೆಸರು ಹುಟ್ಟಿತು.

ಬದನೆಯ ಹೆಸರಿನಂತೆಯೇ ಈ ಹೆಸರೂ ಅರಬಿಯಿಂದ ಪೋರ್ತುಗೀಜಿಗೆ ದಾಟಿದುದು. ಹೆಸರಿನ ಎರಡು ರೂಪಗಳನ್ನೂ ಬಲ್ಲ ಎರಡು ಜನಾಂಗಗಳೂ ಭಟ್ಕಳ, ಹೊನ್ನಾವರಗಳಲ್ಲಿ ವ್ಯಾಪಾರ ನಡೆಸಿದುವು. ಆದರೂ ಗಿಡವು ಈ ತೀರದಲ್ಲಿ ನೆಲೆಗೊಳ್ಳಲಿಲ್ಲ, ಕನ್ನಡದಲ್ಲಿ ಅದಕ್ಕೊಂದು ಹೆಸರೂ ಹುಟ್ಟಲಿಲ್ಲ. ಕಾರಣವು ನೆಲದಲ್ಲಿದೆ. ಆರ್ಟಿಚೋಕಿಗೆ ಮೊಗ್ಗು ಬಿಡುವುದಕ್ಕೆ ತಂಪಾದ ಚಳಿಗಾಲ ಬೇಕು. ಬೇರಿನ ಬಳಿ ನೀರು ನಿಂತರೆ ಅದು ಕೊಳೆಯುತ್ತದೆ. ಕೆಲವರ್ಷ ಬಾಳುವ ಈ ಗಿಡವು ಕುರ್ವೆಯ ಒಂದು ಮಳೆಗಾಲವನ್ನೂ ದಾಟಲಾರದು. ಭಾರತದಲ್ಲಿ ಬೆಟ್ಟಪ್ರದೇಶಗಳ ತಂಪಿನಲ್ಲಿ ಮಾತ್ರ ಅದನ್ನು ಅಲ್ಪವಾಗಿ ಬೆಳೆಯುತ್ತಾರೆ. ಉಷ್ಣದೇಶದ ಮೆಣಸಿನಕಾಯಿ, ಗೆಣಸು, ಗೇರು, ಅನಾನಸುಗಳಿಗೆ ಬ್ರಜಿಲಿನ ತೀರವೂ ಕನ್ನಡ ತೀರವೂ ಒಂದೇ ಬಗೆಯವು. ಪೋರ್ತುಗೀಜರು ತಮ್ಮ ತಾಯ್ನಾಡಿನ ಗಿಡಗಳಿಗಿಂತ ತಾವು ಗೆದ್ದ ನಾಡಿನ ಗಿಡಗಳನ್ನೇ ಇಲ್ಲಿ ನೆಲೆಗೊಳಿಸಿದರೆಂಬುದು ಇದರಿಂದ ಸಿದ್ಧವಾಗುತ್ತದೆ. ಬೀಜವನ್ನು ಹಡಗು ತರಬಲ್ಲುದು, ಉಳಿಸಿಕೊಳ್ಳುವುದು ನೆಲ.

ಇನ್ನೊಂದು ಕಾರಣವನ್ನೂ ಹೇಳಬಹುದು. ಮೊಗ್ಗಿನ ಪದರಗಳನ್ನು ಒಂದೊಂದಾಗಿ ಬಿಡಿಸಿ ಒಳತಿರುಳನ್ನು ಅಡುಗೆಗೆ ತರುವ ರುಚಿಯು ಕನ್ನಡಿಗರಿಗೆ ಬಾಳೆಹೂವಿನಲ್ಲಿಯೇ ದೊರೆತಿದ್ದಿತು. ಆರ್ಟಿಚೋಕಿನ ರಕ್ತಸಂಬಂಧಿಯೂ ನಾಡಿನಲ್ಲಿ ಇಲ್ಲದಿಲ್ಲ. ಧಾರವಾಡ, ವಿಜಯಪುರಗಳ ಕಪ್ಪುನೆಲದ ಕುಸುಬೆಯು ಅದೇ ಮುಳ್ಳುಗಿಡಗಳ ಪಂಗಡದ್ದು. ಅದರ ಎಳೆಯ ಸೊಪ್ಪನ್ನು ಅಲ್ಲಿನವರು ಪಲ್ಯ ಮಾಡುತ್ತಾರೆ.

ಹೆಸರಿನ ಸ್ಥಾನಾಂತರವು ಕನ್ನಡದ ದೋಷವೆಂದು ಯಾರಾದರೂ ಭಾವಿಸುವುದಾದರೆ ಆರ್ಟಿಚೋಕೇ ಅವರಿಗೆ ಉತ್ತರವನ್ನು ಕೊಡುತ್ತದೆ. ೧೭ನೆಯ ಶತಮಾನದ ಆರಂಭದಲ್ಲಿ ಉತ್ತರ ಅಮೆರಿಕಾದಿಂದ ಯುರೋಪಿಗೆ ಬಂದ, ಸೂರ್ಯಕಾಂತಿಯ ಜಾತಿಯ ಒಂದು ಗಡ್ಡೆಯಲ್ಲಿ ಆರ್ಟಿಚೋಕಿನ ರುಚಿಯನ್ನು ಕಂಡು, ಇಂಗ್ಲಿಷರು ಅದನ್ನು ‘ಜೆರೂಸಲೇಮ್ ಆರ್ಟಿಚೋಕು’ ಎಂದು ಕರೆದರು. ಒಂದು ಮೊಗ್ಗು, ಇನ್ನೊಂದು ಗಡ್ಡೆ. ಜೆರೂಸಲೇಮಿಗೂ ಅದಕ್ಕೂ ಸಂಬಂಧವಿಲ್ಲ. ಹೊಳೆಯಾಚೆಯ ಹೊಸಬನನ್ನು ಹಳೆಯ ನೆಂಟನ ಹೆಸರಿನಿಂದ ಕರೆದು ಮನೆಗೆ ಸೇರಿಸಿಕೊಳ್ಳುವುದು ಮನುಷ್ಯರ ಸಾಮಾನ್ಯ ಸ್ವಭಾವ.

೭. ಉಪಸಂಹಾರ

ಇಷ್ಟರಿಂದ ಹೊರಡುವ ನಿರ್ಣಯವು ಗ್ರಂಥಸಂಪಾದಕರಿಗೂ ಅಧ್ಯಾಪಕರಿಗೂ ಉಪಯುಕ್ತವಾದುದು. ಹಳೆಯ ಕೃತಿಯಲ್ಲಿ ಸಸ್ಯನಾಮವು ಬಂದಾಗ ನಿಘಂಟಿನ ಇಂದಿನ ಅರ್ಥವನ್ನು ಬರೆಯುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಹಾಕಬೇಕಾಗಿದೆ. ಆ ಸಸ್ಯವು ಆ ಕಾಲಕ್ಕೆ ನಾಡಿನಲ್ಲಿದ್ದಿತೆ? ಅದೇ ಹೆಸರಿಗೆ ಈಗ ‘ಕಾಳು’, ‘ಬೂದಿ’, ‘ಕರಿ’, ‘ಒಳ್ಳೆ’ ಎಂಬ ವಿಶೇಷಣವನ್ನು ಹೊತ್ತ ಹಳಬನೊಬ್ಬನಿದ್ದಾನೆಯೆ? ಸಂಸ್ಕೃತದ ಪರ್ಯಾಯವು ಯಾವುದನ್ನು ತೋರಿಸುತ್ತದೆ? ವಿಶೇಷಣವಿಲ್ಲದೆ ಬರಿಯ ಹೆಸರಿನಿಂದ ಬಾಳುತ್ತಿರುವ ಗಿಡವೇ ಅನೇಕ ವೇಳೆ ಹೊರಗಿನದು. ವಿಶೇಷಣವನ್ನು ಹೊತ್ತು ಬದಿಗೆ ಸರಿದಿರುವುದೇ ಹಳೆಯದು. ನಗಿರೆಯ ಆಸ್ಥಾನದಲ್ಲಿ ‘ಭಾರತ’, ‘ರಸರತ್ನಾಕರ’ಗಳೊಡನೆ ‘ವೈದ್ಯಸಾಂಗತ್ಯ’ವನ್ನೂ ಬರೆದ ಸಾಳ್ವ ಕವಿ, ಈ ತೀರವನ್ನಾಳಿ ೧೭೦೯ರಲ್ಲಿ ‘ಶಿವತತ್ತ್ವರತ್ನಾಕರ’ವನ್ನು ರಚಿಸಿದ ಕೆಳದಿಯ ಬಸವಪ್ಪ ನಾಯಕ ಮೊದಲಾದವರ ಕೃತಿಗಳನ್ನು ಈ ದೃಷ್ಟಿಯಿಂದ ಓದಿ ಸಸ್ಯನಾಮಗಳನ್ನು ಕಾಲಾನುಕ್ರಮದಲ್ಲಿ ಸಂಗ್ರಹಿಸಿದರೆ ಕನ್ನಡ ನಿಘಂಟಿಗೂ ನಾಡಿನ ಕೃಷಿಯ ಚರಿತ್ರೆಗೂ ಏಕಕಾಲದಲ್ಲಿ ಉಪಕಾರವಾದೀತು.

ಈ ಕಾರ್ಯಕ್ಕೆ ಕಾಲಾವಕಾಶವು ಮಿತವಾಗಿದೆ. ಗ್ರಂಥಗಳು ಭಂಡಾರಗಳಲ್ಲಿ ಕಾಯುತ್ತವೆ, ಹಿತ್ತಲುಗಳು ಕಾಯುವುದಿಲ್ಲ. ಹೆಗ್ಗೆಣಸಿನ ಬಗೆಗಳನ್ನೂ ಕೆಸುವಿನ ಭೇದಗಳನ್ನೂ ಬೇರೆ ಬೇರೆ ಹೆಸರಿಟ್ಟು ಗುರುತಿಸಬಲ್ಲವರು ಕುರ್ವೆಗಳ ಹಿರಿಯ ಹೆಂಗಸರು. ಪೇಟೆಯಿಂದ ಕೊಂಡುತಂದ ಒಂದೇ ಬಗೆಯ ಬೀಜವು ಮನೆಯಲ್ಲಿ ಒಣಗಿಸಿಟ್ಟ ಹಲವು ಬಗೆಯ ಬೀಜಗಳ ಸ್ಥಾನಕ್ಕೆ ಬಂದಾಗ ತಳಿಯೊಡನೆ ಅದರ ಹೆಸರೂ ಅಳಿಯುತ್ತದೆ. ಹೆಸರು ಅಳಿದ ಮೇಲೆ ಹಳೆಯ ಪದ್ಯದಲ್ಲಿ ಅದು ಬಂದರೂ ಅರ್ಥ ಹೇಳುವವರಿರುವುದಿಲ್ಲ. ಭಲ್ಲಾತಕೀಪುರವೆಂದು ಬರೆದಿಟ್ಟವನಿಂದ ಗೇರುಸೊಪ್ಪೆಯ ಗೇರು ಯಾವುದೆಂಬುದು ಉಳಿಯಿತು. ಕುರ್ವೆಯ ಹಿತ್ತಲುಗಳಲ್ಲಿರುವ ಉಳಿದ ಹೆಸರುಗಳಿಗೆ ಅಂಥ ಬರಹದ ಆಶ್ರಯವು ಇನ್ನೂ ದೊರೆಯಬೇಕಾಗಿದೆ.